‘ಮೈಸೂರು’ ನೌಕೆಯ ಲಾಂಛನವೂ ಧ್ಯೇಯವಾಕ್ಯವೂ

ರಾಜರಿಗೆ ಬಿರುದಾವಳಿಯಿದ್ದಂತೆ ಸಮರನೌಕೆಗಳಿಗೂ ಒಂದೊಂದು ಲಾಂಛನವೂ ಒಂದೊಂದು ಧ್ಯೇಯವಾಕ್ಯವೂ ಉಂಟು. ಇವು ಬರಿಯ ಅಲಂಕಾರಗಳಲ್ಲ. ಮೃತ್ಯುವಿನೆದುರಿಗೆ ನಿಲ್ಲಬೇಕಾದ ನಾವಿಕನಿಗೆ, ತಾನು ಯಾವ ಬಲವನ್ನು ನಂಬಿ ನಿಲ್ಲತಕ್ಕದ್ದೆಂಬುದನ್ನು ಸೂಚಿಸುವ ಸಂಕೇತಗಳು. ಭಾರತ ನೌಕಾಪಡೆಯ ‘ಮೈಸೂರು’ ಎಂಬ ನೌಕೆಯನ್ನೇ ನಿದರ್ಶನವಾಗಿ ತೆಗೆದುಕೊಂಡು ಈ ವಿಷಯವನ್ನು ವಿಚಾರಮಾಡೋಣ.

ಈ ಹೆಸರಿನ ನೌಕೆಗಳು ಎರಡು. ಮೊದಲನೆಯದು ಬ್ರಿಟಿಷರ ‘ನೈಜೀರಿಯ’ ಎಂಬ ಕ್ರೂಸರು. ಅದು 1957ರಲ್ಲಿ ಈ ನಾಮವನ್ನು ಧರಿಸಿ ನಮ್ಮ ಪಡೆಯನ್ನು ಸೇರಿತು. 1971ರ ಯುದ್ಧದಲ್ಲಿ ಪಶ್ಚಿಮದ ನೌಕಾಬಳಗಕ್ಕೆ ನಾಯಕನೌಕೆಯಾಗಿದ್ದು, 1985ರಲ್ಲಿ ನಿವೃತ್ತವಾಯಿತು. ಎರಡನೆಯದು ಮುಂಬಯಿಯಲ್ಲಿ ನಿರ್ಮಿತವಾಗಿ 1999ರಲ್ಲಿ ಸೇವೆಗೆ ಬಂದ ಡೆಸ್ಟ್ರಾಯರು. ಹಿರಿಯದರ ಹೆಸರಿನೊಡನೆ ಅದರ ಲಾಂಛನವೂ ಕಿರಿಯದಕ್ಕೆ ಬಂದಿದೆ: ನೀಲಿ ಬಿಳಿಯ ಅಲೆಗಳ ಹಿನ್ನೆಲೆಯಲ್ಲಿ ಗಂಡಭೇರುಂಡ.

ಎರಡು ತಲೆಯ ಈ ಪಕ್ಷಿ ಮೈಸೂರಿನ ಒಡೆಯರ ರಾಜಚಿಹ್ನೆಯಾಗಿದ್ದುದು ಸರ್ವವಿದಿತವಾದದ್ದು. ಅವರಿಗೂ ಮೊದಲು, ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಅದು ಆನೆಗಳನ್ನೇ ಹಿಡಿದೆತ್ತಿರುವಂತೆ ಚಿತ್ರಿತವಾಗಿದೆ. ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪವೊಂದರಲ್ಲಿ ಜಿಂಕೆಯನ್ನು ಹೆಬ್ಬಾವು, ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹೀಗೆ ಒಂದನ್ನೊಂದು ಆಕ್ರಮಿಸಿವೆ. ಬಲಗಳಿಗೆಲ್ಲ ಮಿಗಿಲಾದ ಬಲವೆಂಬುದೇ ಈ ಪಕ್ಷಿಯ ಅರ್ಥ.

ಇಷ್ಟೇ ಆಗಿದ್ದರೆ ಈ ಲಾಂಛನವು ಶತ್ರುವಿಗೆ ಹಾಕಿದ ಬೆದರಿಕೆ ಮಾತ್ರವಾಗುತ್ತಿದ್ದಿತು. ಆದರೆ ಅದರೊಡನೆ ಸೇರಿರುವ ಧ್ಯೇಯವಾಕ್ಯವು ‘ನ ಬಿಭೇತಿ ಕದಾಚನ’, ಎಂದರೆ ‘ಎಂದಿಗೂ ಅಂಜುವುದಿಲ್ಲ’. ಅಂಜದವನು ಯಾರೆಂಬುದನ್ನು ಈ ಮೂರು ಪದಗಳು ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಇವುಗಳ ಮೂಲವಾದ ತೈತ್ತಿರೀಯೋಪನಿಷತ್ತಿನ ಬ್ರಹ್ಮಾನಂದವಲ್ಲಿಯನ್ನು ನೋಡಬೇಕು. ಅಲ್ಲಿ ಅಂಜದವನು ಆಯುಧಪಾಣಿಯಲ್ಲ, ಬಲಿಷ್ಠನೂ ಅಲ್ಲ; ಬ್ರಹ್ಮಾನಂದವನ್ನು ಅರಿತವನು.

ಚಿತ್ರವೂ ವಾಕ್ಯವೂ ಒಂದನ್ನೊಂದು ತಿದ್ದುವುದೇ ಇಲ್ಲಿಯ ಸ್ವಾರಸ್ಯ. ಬೇಲೂರಿನ ಶಿಲ್ಪದಲ್ಲಿ ಹಿಡಿದ ಪ್ರಾಣಿಯೇ ಮತ್ತೊಂದಕ್ಕೆ ಆಹಾರವಾಗುತ್ತ ಹೋಗುತ್ತದೆ. ಅದರಂತೆಯೇ ಬಲವನ್ನಷ್ಟೇ ನಂಬಿದವನಿಗೆ ತನಗಿಂತ ಬಲಿಷ್ಠನ ಭಯ ತಪ್ಪಿದ್ದಲ್ಲ. ಇಂದಿನ ಫಿರಂಗಿಗಿಂತ ದೊಡ್ಡ ಫಿರಂಗಿ ನಾಳೆ ಬಂದೇ ಬರುತ್ತದೆ. ನಾವಿಕರೆಲ್ಲರೂ ಬ್ರಹ್ಮಜ್ಞಾನಿಗಳಾಗಬೇಕೆಂದು ಯಾರೂ ಅಪೇಕ್ಷಿಸಲಾರರು. ಆದರೂ, ಧೈರ್ಯದ ನೆಲೆ ಆಯುಧದಲ್ಲಿಲ್ಲ, ಮನುಷ್ಯನ ಅರಿವಿನಲ್ಲಿದೆಯೆಂಬ ಮಾತು ಅವರಿಗೂ ಸಲ್ಲತಕ್ಕದ್ದು. ಯುದ್ಧದ ಸುದ್ದಿಯನ್ನು ಮನೆಯಲ್ಲಿ ಕುಳಿತು ಕೇಳುವ ನಮಗೂ ಸಲ್ಲತಕ್ಕದ್ದು.