ಕೆಂಪು ಮಾಸಿದರೆ ವಿಷವಿದೆ

ಕೊರಟಗೆರೆ ತಾಲ್ಲೂಕಿನ ಕೊಳಾಲ ಸೀಮೆಯ ರೈತರ ಬಾಯಲ್ಲಿ ಕೀಟನಾಶಕದ ಹೆಸರು ‘ಔಷಧಿ’. ಬದನೆಗೆ, ಟೊಮೆಟೊಗೆ ಔಷಧಿ ಹೊಡೆದ ಮೇಲೆ ಇಂತಿಷ್ಟು ದಿನ ಬಿಟ್ಟು ಕೊಯ್ಯಿರಿ ಎನ್ನುತ್ತದೆ ಡಬ್ಬಿಯ ಚೀಟಿ. ಸಂತೆಯ ದಿನವಾಗಲಿ, ಏರಿದ ಬೆಲೆಯಾಗಲಿ ಅಲ್ಲಿಯತನಕ ಕಾಯುವುದಿಲ್ಲ. ಕೊಯ್ದ ಕಾಯಲ್ಲಿ ವಿಷ ಉಳಿದಿದೆಯೇ? ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ನಗರದ ಪ್ರಯೋಗಾಲಯಕ್ಕೆ ಕಳಿಸಿ ವರದಿ ಬರುವ ಹೊತ್ತಿಗೆ ಆ ಕಾಯಿ ಸಾರಾಗಿ ಉಂಡೂ ಆಗಿರುತ್ತದೆ.

ಈ ಕಷ್ಟಕ್ಕೊಂದು ದಾರಿಯನ್ನು ಮೈಸೂರಿನ ಸಿಎಫ್‌ಟಿಆರ್‌ಐ ಹುಡುಕಿದೆ. 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಆರಂಭವಾದ ಆಹಾರ ಸಂಶೋಧನಾಲಯ ಇದು. ಇಲ್ಲಿನ ಎನ್.ಜಿ. ಕಾರಂತ್, ಎಂ.ಎಸ್. ಠಾಕೂರ್ ಮತ್ತು ಸಂಗಡಿಗರು ಕೀಟನಾಶಕ ಪತ್ತೆಗೆ ಬಯೋಸೆನ್ಸರ್‌ಗಳನ್ನು, ಅಂದರೆ ಪ್ರತಿಕಾಯದಂಥ ಜೈವಿಕ ವಸ್ತುವಿನ ನೆರವಿನಿಂದ ಪತ್ತೆಮಾಡುವ ಸಾಧನಗಳನ್ನು, ರೂಪಿಸಿದರು.

ಮೈಯೊಳಗೆ ಹೊರಗಿನ ವಸ್ತು ಹೊಕ್ಕರೆ ಅದನ್ನೇ ಗುರುತಿಟ್ಟು ಹಿಡಿಯುವ ಪ್ರತಿಕಾಯಗಳು ಹುಟ್ಟುತ್ತವೆ. ಕೀಟನಾಶಕದ ಅಣು ತೀರಾ ಪುಟ್ಟದು. ಒಂಟಿಯಾಗಿ ಬಂದರೆ ದೇಹದ ಕಾವಲಿಗೆ ಸಿಗುವುದಿಲ್ಲ. ಹಾಗಾಗಿ ಅದನ್ನು ದೊಡ್ಡ ಪ್ರೋಟೀನಿಗೆ ಅಂಟಿಸಿ ಪ್ರಾಣಿಗೆ ಚುಚ್ಚುತ್ತಾರೆ. ಮೀಥೈಲ್ ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನು ಹಿಡಿಯುವ ಪ್ರತಿಕಾಯಗಳನ್ನು ಮೈಸೂರಿನ ತಂಡ ಕೋಳಿಗಳಲ್ಲಿ ಬೆಳೆಸಿತು. ಅವನ್ನು ಸಣ್ಣ ಗಾಜಿನ ಕೊಳವೆಯಲ್ಲಿ ತುಂಬಿ, ರಾಸಾಯನಿಕ ಕ್ರಿಯೆಯಲ್ಲಿ ಹೊಮ್ಮುವ ಬೆಳಕನ್ನು ಕ್ಯಾಮೆರಾದಿಂದ ಅಳೆಯುವ ವಿಧಾನ 2006ರಲ್ಲಿ ಪ್ರಕಟವಾಯಿತು. ಆ ಕೀಟನಾಶಕಕ್ಕೆ ದೇಶದಲ್ಲಿ ನಿಷೇಧ ಬಿದ್ದದ್ದು 2018ರಲ್ಲಿ.

2009ರಲ್ಲಿ ಬಂದದ್ದು ಇನ್ನೂ ಸರಳ: ಡಿಡಿಟಿ ಪತ್ತೆಗೆ ಅದ್ದಿ ನೋಡುವ ಪಟ್ಟಿ. ಪ್ರತಿಕಾಯಗಳಿಗೆ ಚಿನ್ನದ ಅತಿಸೂಕ್ಷ್ಮ ಕಣಗಳನ್ನು ಅಂಟಿಸಿರುತ್ತಾರೆ. ಆ ಗಾತ್ರದಲ್ಲಿ ಚಿನ್ನದ ಬಣ್ಣ ಕೆಂಪು. ಡಿಡಿಟಿಯನ್ನು ಹೋಲುವ ವಸ್ತು ಪಟ್ಟಿಯ ಮೇಲಿರುತ್ತದೆ. ಮಾದರಿಯಲ್ಲಿ ಡಿಡಿಟಿ ಇದ್ದರೆ ಪ್ರತಿಕಾಯಗಳು ಮೊದಲೇ ಅದಕ್ಕೆ ಅಂಟಿಕೊಳ್ಳುತ್ತವೆ, ಪಟ್ಟಿಗೆ ಉಳಿಯುವುದು ಕಡಿಮೆ. ಕೆಂಪು ಗಾಢವಾಗಿದ್ದರೆ ನೆಮ್ಮದಿ, ಮಾಸಿದರೆ ಎಚ್ಚರ. ಮಿಲಿಲೀಟರಿಗೆ 27 ನ್ಯಾನೊಗ್ರಾಂನಷ್ಟು ಡಿಡಿಟಿಯನ್ನೂ ಅದು ಪತ್ತೆಮಾಡಿತು.

ಒಂದು ಪಟ್ಟಿಗೆ ತನ್ನ ಒಂದು ವಿಷವಷ್ಟೇ ಗೊತ್ತು. ಎರಡು ಮೂರು ಔಷಧಿ ಬೆರೆಸಿ ಹೊಡೆದ ಬೆಳೆಗೆ ಒಂದೇ ಪಟ್ಟಿ ಸಾಲದು. ಅಂತಿಮ ತೀರ್ಪು ದೊಡ್ಡ ಯಂತ್ರಗಳದ್ದೇ. ಆದರೆ ನೂರು ಮಾದರಿಗಳಲ್ಲಿ ಯಾವುದನ್ನು ಅಲ್ಲಿಗೆ ಕಳಿಸಬೇಕು ಎಂದು ಪಟ್ಟಿ ಹೇಳಬಲ್ಲದು.

ಹೋಬಳಿ ಮಟ್ಟದಲ್ಲಿ ರೈತ ಸಂಪರ್ಕ ಕೇಂದ್ರಗಳಿರುವ ರಾಜ್ಯ ನಮ್ಮದು. ಇಂಥ ಪಟ್ಟಿಗಳು ಅಲ್ಲಿಯವರೆಗೂ ಬರಬೇಕು. ಪರೀಕ್ಷೆಗೆಂದು ಹೊಲದ ಮಣ್ಣು ಒಯ್ಯುವ ರೈತ, ಅದೇ ಚೀಲದಲ್ಲಿ ನಾಲ್ಕು ಬದನೆಕಾಯನ್ನೂ ಒಯ್ಯುವಂತಾಗಬೇಕು.