ಎಡ-ಬಲ ತಪ್ಪಿದರೆ ಗೋಡೆ ಮುಂದಕ್ಕೆ!

ಹುಳಿಮಾವಿನ ಗುಹಾ ದೇವಾಲಯದ ಬಾಗಿಲಲ್ಲಿ ನಿಂತು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಹತ್ತಿರದ ಬಂಡೆಯಂಚು ಒಳಗಿನ ಶಿವಲಿಂಗದೆದುರು ತುಸು ಸರಿದಂತೆ ಕಾಣುತ್ತದೆ. ಮಿದುಳು ಆಳ ಅಳೆಯುವುದು ಈ ವ್ಯತ್ಯಾಸದಿಂದ ಎಂದು 1838ರಲ್ಲಿ ತೋರಿಸಿದವರು ಪಿಯುಸಿ ಪಠ್ಯದ ‘ಬ್ರಿಡ್ಜ್’ ಖ್ಯಾತಿಯ ಚಾರ್ಲ್ಸ್ ವೀಟ್‌ಸ್ಟೋನ್. 1947ರಲ್ಲಿ ಬಂದ ಸ್ಟೀರಿಯೊ ರಿಯಲಿಸ್ಟ್ ಕ್ಯಾಮೆರಾ ಇಂಥ ಜೋಡಿಚಿತ್ರಗಳನ್ನು ಎರಡು ಲೆನ್ಸುಗಳಿಂದ ಒಮ್ಮೆಗೇ ತೆಗೆಯುತ್ತಿತ್ತು.

ಅಜ್ಜನ ಪೆಟ್ಟಿಗೆಯಲ್ಲಿ ಅಂಥ ಸ್ಲೈಡುಗಳು ಸಿಕ್ಕವೇ? ಜೋಪಾನ, ಇವಕ್ಕೆ ನೆಗೆಟಿವ್ ಇಲ್ಲ, ಇರುವುದೊಂದೇ ಪ್ರತಿ. ಚೌಕಟ್ಟಿನಿಂದ ಬಿಡಿಸುವ ಮೊದಲೇ ಎಡ-ಬಲ ಬರೆದಿಡಿ. ಅದಲುಬದಲಾದರೆ ಅಜ್ಜಿಯ ಮೂಗು ಒಳಕ್ಕೆ, ಹಿಂದಿನ ಗೋಡೆ ಮುಂದಕ್ಕೆ! ಎರಡನ್ನೂ ಒಟ್ಟಿಗೆ, ಒಂದೇ ಬೆಳಕು-ಬಣ್ಣದಲ್ಲಿ ಸ್ಕ್ಯಾನ್ ಮಾಡಿ. ಮರುಜೋಡಿಸುವಾಗ ಒಂದು ಚಿತ್ರ ಮೇಲೆ, ಇನ್ನೊಂದು ಕೆಳಗೆ ಆದರೆ ಕಣ್ಣು ದಣಿಯುತ್ತದೆ, ಅದನ್ನು ಸರಿಪಡಿಸಿ. ಅಕ್ಕಪಕ್ಕದ ವ್ಯತ್ಯಾಸ ಮಾತ್ರ ಹಾಗೇ ಇರಲಿ, ಆಳ ಅಡಗಿರುವುದೇ ಅಲ್ಲಿ. ಧೂಳನ್ನು ರಬ್ಬರ್ ಬ್ಲೋವರ್‌ನಿಂದ ಊದಿ ತೆಗೆಯಿರಿ, ಒದ್ದೆ ಬಟ್ಟೆ ಬೇಡ.