ಹಳೆಯ ಟ್ರ್ಯಾಕ್ಟರು: ಸೋರುವ ಎಣ್ಣೆ, ಸತ್ತ ಮುಳ್ಳು

ಎತ್ತಿನ ಆರೋಗ್ಯವನ್ನು ಅದರ ಕಣ್ಣು, ಮೂಗು, ಸಗಣಿಗಳನ್ನು ನೋಡಿ ಅರಿಯುತ್ತಿದ್ದ ಮನೆತನಗಳು ನಮ್ಮವು. ಟ್ರ್ಯಾಕ್ಟರಿನ ಆರೋಗ್ಯವನ್ನು ಅರುಹುವವು ಚಾಲಕನ ಎದುರಿನ ಮೀಟರುಗಳು. ಆದರೆ ಅನೇಕ ಮನೆಗಳಲ್ಲಿ ಮೀಟರಿನ ಮುಳ್ಳು ಎಂದೋ ಸತ್ತಿರುತ್ತದೆ. ಇಂಜಿನ್ನಿನ ಅಡಿಯಲ್ಲಿ ಎಣ್ಣೆ ತೊಟ್ಟಿಕ್ಕುತ್ತಿರುತ್ತದೆ. ಈ ಎರಡು ಅಲಕ್ಷ್ಯಗಳು ಒಂದಾದ ದಿನ ಇಂಜಿನ್ ಸೀಜ್ ಆಗುತ್ತದೆ, ಮನೆಯ ಮೇಲೆ ಸಾಲ ಏರುತ್ತದೆ.

ಮ್ಯಾಸ್ಸಿ ಫರ್ಗ್ಯುಸನ್ 35 ಮಾದರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1959ರಿಂದ ಅದಕ್ಕೆ ಪರ್ಕಿನ್ಸ್ ಕಂಪನಿಯ ಮೂರು ಸಿಲಿಂಡರಿನ ಡೀಸೆಲ್ ಇಂಜಿನ್ ಬಂದಿತು. 1960ರಲ್ಲಿ ಮದ್ರಾಸಿನಲ್ಲಿ ಸ್ಥಾಪಿತವಾದ ಟಾಫೆ ಸಂಸ್ಥೆಯು ಮ್ಯಾಸ್ಸಿ ಫರ್ಗ್ಯುಸನ್ ಸಹಯೋಗದಿಂದ ಇದೇ ವಂಶದ ಟ್ರ್ಯಾಕ್ಟರುಗಳನ್ನು ನಮ್ಮ ದೇಶದಲ್ಲಿ ತಯಾರಿಸಿತು. ಈ ಇಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ಮುಂದೆ ಪುಲ್ಲಿಯ ಬಳಿ, ಹಿಂದೆ ಫ್ಲೈವ್ಹೀಲಿನ ಬಳಿ ಹೊರಬರುತ್ತದೆ. ಆ ಎರಡೂ ದ್ವಾರಗಳಲ್ಲಿ ಎಣ್ಣೆಯನ್ನು ತಡೆಯುವುದೇ ಸೀಲಿನ ಕೆಲಸ.

ಸೋರಿಕೆ ಕಂಡೊಡನೆ ಸೀಲು ಕೊಳ್ಳಲು ಓಡಬಾರದು. ಮೊದಲು ಇಂಜಿನ್ನನ್ನು ತೊಳೆದು ಒಣಗಿಸಿ, ಸ್ವಲ್ಪ ಹೊತ್ತು ನಡೆಸಿ ನೋಡಬೇಕು. ಮೇಲಿನ ವಾಲ್ವ್ ಕವರಿನ ಪ್ಯಾಕಿಂಗಿನಿಂದ ಇಳಿದ ಎಣ್ಣೆಯೂ ಸೀಲಿನದೆಂಬ ಭ್ರಮೆ ಹುಟ್ಟಿಸುತ್ತದೆ. ಕ್ಲಚ್ ಹೌಸಿಂಗಿನ ಅಡಿಯ ರಂಧ್ರದಿಂದ ತೊಟ್ಟಿಕ್ಕುವುದು ಕಪ್ಪು, ತೆಳು ಎಣ್ಣೆಯಾದರೆ ಇಂಜಿನ್ನಿನದು. ಕಪ್ಪಾಗದ ಮಂದ ಎಣ್ಣೆಯಾದರೆ ಗೇರ್ ಬಾಕ್ಸಿನದಿರಬಹುದು.

ಈ ಪಾಠವನ್ನು ನಾವು ಕಲಿತದ್ದು ಹಣ ತೆತ್ತು. ನಮ್ಮ ಮನೆಯ ಟ್ರ್ಯಾಕ್ಟರಿಗೆ ಒಂದೇ ವರ್ಷದಲ್ಲಿ ಎರಡು ಬಾರಿ ಸೀಲು ಹಾಕಿಸಿದೆವು, ಸೋರಿಕೆ ನಿಲ್ಲಲಿಲ್ಲ. ಕೊನೆಗೆ ವೃದ್ಧ ಮೇಸ್ತ್ರಿಯೊಬ್ಬರು ಬಂದು, “ಸೀಲಿಂದೇನೂ ತಪ್ಪಿಲ್ರೀ ಶಾಸ್ತ್ರಿಗಳ, ಇಂಜಿನ್ನಿಗೆ ಉಸಿರು ಕಟ್ಟೈತಿ” ಎಂದರು. ಬ್ರೀದರ್ ಕೊಳವೆ ಮಣ್ಣು ಜಿಡ್ಡಿನಿಂದ ಮುಚ್ಚಿಹೋಗಿತ್ತು. ಹೊರಹೋಗಲು ದಾರಿಯಿಲ್ಲದ ಅನಿಲವು ಒಳಗೆ ಒತ್ತಡವೇರಿಸಿ ಎಣ್ಣೆಯನ್ನು ಸೀಲಿನಾಚೆ ನೂಕುತ್ತಿತ್ತು. ತಪ್ಪು ನಮ್ಮದೇ, ಕಾರಣವನ್ನರಸದೆ ಪರಿಹಾರಕ್ಕೆ ಕೈಯಿಕ್ಕಿದ್ದೆವು.

ಮುಂದಿನ ಸೀಲಿನ ತುಟಿ ಎಣ್ಣೆಯ ಕಡೆಗೇ ಮುಖಮಾಡಿರಬೇಕು. ಅದು ಉಜ್ಜುವ ಭಾಗದಲ್ಲಿ ಗೀರು ಬಿದ್ದಿದ್ದರೆ ಹೊಸ ಸೀಲೂ ನಿಲ್ಲದು. ಹಿಂದಿನ ಸೀಲಿಗಾಗಿ ಟ್ರ್ಯಾಕ್ಟರನ್ನು ನಡುವೆ ಬೇರ್ಪಡಿಸಬೇಕು. ಈ ಹಳೆಯ ಇಂಜಿನ್ನಿನಲ್ಲಿ ಅದು ಹಗ್ಗದಂಥ ಸೀಲು. ಎರಡು ಅರ್ಧಭಾಗಗಳ ಕಾಲುವೆಯಲ್ಲಿ ಅದನ್ನು ಸಮನಾಗಿ ಒತ್ತಿ ಕೂರಿಸಿ, ಗ್ರೀಸು ಸವರಿ ಜೋಡಿಸುತ್ತಾರೆ. ಸೀಲಿನ ಬೆಲೆಗಿಂತ ಬಿಚ್ಚುವ ಕೂಲಿಯೇ ಹೆಚ್ಚು. ಆದ್ದರಿಂದ ಅದೇ ವೇಳೆಗೆ ಕ್ಲಚ್ ಪ್ಲೇಟನ್ನೂ ಬೇರಿಂಗನ್ನೂ ಪರೀಕ್ಷಿಸುವುದು ಜಾಣತನ.

ಇನ್ನು ಮೀಟರುಗಳು. ಕೆಲಸಕ್ಕೆ ಮುನ್ನ ಬ್ಯಾಟರಿಯ ಅರ್ಥ್ ತಂತಿಯನ್ನು ಬಿಚ್ಚಬೇಕು. ಶಾಖದ ಮೀಟರಿನ ತೆಳು ಕೊಳವೆ ತುಂಡಾದರೆ ಬೆಸುಗೆ ನಡೆಯದು, ಮೀಟರನ್ನೇ ಬದಲಿಸಬೇಕು. ಹೊಸದರ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ, ಮುಳ್ಳು ಏರುವುದನ್ನು ನೋಡಿಯೇ ಜೋಡಿಸಬೇಕು. ಎಣ್ಣೆಯ ಒತ್ತಡವು, ಕಾದ ಇಂಜಿನ್ ಪೂರ್ಣ ವೇಗದಲ್ಲಿರುವಾಗ, ಚದರ ಅಂಗುಲಕ್ಕೆ 30 ರಿಂದ 60 ಪೌಂಡು ಇರಬೇಕು. ಸರಿಯಾದ ಹೊಸ ಮೀಟರೂ ಕಡಿಮೆ ತೋರಿಸಿದರೆ ಅದನ್ನು ಶಪಿಸದೆ ಇಂಜಿನ್ನನ್ನು ನಿಲ್ಲಿಸಿ, ಎಣ್ಣೆಯ ಮಟ್ಟವನ್ನೂ ಪಂಪನ್ನೂ ಬೇರಿಂಗುಗಳನ್ನೂ ಪರೀಕ್ಷಿಸಬೇಕು.

ಟ್ರ್ಯಾಕ್ಟರು ಹಳೆಯದೆಂಬುದು ದೋಷವಲ್ಲ. ಅದು ಹೇಳುವುದನ್ನು ಕೇಳದಿರುವುದು ದೋಷ. ಸ್ಟೇರಿಂಗು ಹಿಡಿಯಲು ಕಲಿಸುವ ಮೊದಲು ಮನೆಯ ಮಕ್ಕಳಿಗೆ ಮೀಟರು ಓದಲು ಕಲಿಸೋಣ.